ಚೀಸ್ ಸರಿಸಿ ನೋಡಿ, ಕೆಳಗಿದೆ ಮೆಕ್ಸಿಕೊ ಊಟ

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೀರಿ. ಶನಿವಾರ ಸಂಜೆ ಅಳಿಯ 'ಇವತ್ತು ಮೆಕ್ಸಿಕನ್ ತಿನ್ನೋಣ ಅತ್ತೆ, ನಮ್ಮ ಊಟದ ಹಾಗೇ ಖಾರ, ಹುಳಿ ಎಲ್ಲಾ ಇರುತ್ತೆ' ಎನ್ನುತ್ತಾರೆ. ನಿಮಗೋ ಆಸೆ, ಜೊತೆಗೇ ಅಳುಕು. ಬ್ಯಾಗಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಇದೆ. ಹೊರಡುವ ಮುಂಚೆ ಡಾಕ್ಟರು 'ಅಲ್ಲಿ ಹೋಗಿ ಬಾಯಿ ಬಿಗಿ ಹಿಡೀರಿ' ಅಂತ ಹೇಳಿ ಕಳಿಸಿದ್ದಾರೆ. ಹೋಟೆಲಿನಲ್ಲಿ ಕೂತಿದ್ದೇ ತಡ, ಕೇಳದೇ ಇದ್ದರೂ ಒಂದು ಬುಟ್ಟಿ ಕರಿದ ಚಿಪ್ಸ್ ಎದುರಿಗೆ ಬಂದು ಕೂರುತ್ತೆ. ಈಗೇನು ಮಾಡ್ತೀರಿ?

ಉಪವಾಸವಂತೂ ಬೇಡ. ಮಾತ್ರೆ ನುಂಗಿ ಊಟ ಬಿಟ್ಟರೆ, ಕೆಲವು ಮಾತ್ರೆಗಳಿಂದ ಸಕ್ಕರೆ ದಿಢೀರನೆ ಇಳಿದು ತಲೆ ಸುತ್ತೀತು. ತಿನ್ನಿ, ಆದರೆ ಆರಿಸಿ ತಿನ್ನಿ.

ಮೆಕ್ಸಿಕೊದ ಮನೆಯೂಟದ ತಳಹದಿ ಮೆಕ್ಕೆಜೋಳ, ಬೀನ್ಸ್ ಕಾಳು, ಮೆಣಸಿನಕಾಯಿ, ಟೊಮೆಟೊ, ಕುಂಬಳ. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲಾ ನೆನೆಸಿ, ತೊಳೆದು ರುಬ್ಬಿ ರೊಟ್ಟಿ ತಟ್ಟುತ್ತಾರೆ. ಅದೇ ಟೋರ್ಟಿಯಾ. ಹೌದು, ನಮ್ಮಜ್ಜಿ ವೀಳ್ಯದೆಲೆಗೆ ಹಚ್ಚುತ್ತಿದ್ದ ಸುಣ್ಣವೇ! ಇದರಿಂದ ರೊಟ್ಟಿಯಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ, ಜೋಳದೊಳಗೆ ಸಿಕ್ಕಿಕೊಂಡಿರುವ ನಿಯಾಸಿನ್ ಎಂಬ ಬಿ ವಿಟಮಿನ್ ದೇಹಕ್ಕೆ ದಕ್ಕುತ್ತದೆ. 2010ರಲ್ಲಿ ಯುನೆಸ್ಕೊ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಗಾದರೆ ಮೆಕ್ಸಿಕನ್ ತಿಂದರೆ ಮೈ ಬರುತ್ತೆ ಅನ್ನೋದ್ಯಾಕೆ? ಗಡಿ ದಾಟಿ ಟೆಕ್ಸಾಸ್ ಕಡೆಗೆ ಬರುವಷ್ಟರಲ್ಲಿ ಅದರ ಮೇಲೆ ಕರಗಿದ ಹಳದಿ ಚೀಸ್, ಸವರ್ ಕ್ರೀಮ್ ಸುರಿದು, ರೊಟ್ಟಿಯನ್ನೂ ಎಣ್ಣೆಗೆ ಬಿಟ್ಟಿರುತ್ತಾರೆ. ನಾಚೋಸ್ ಹುಟ್ಟಿದ್ದೂ ಗಡಿಯಂಚಿನ ಪೀಡ್ರಾಸ್ ನೆಗ್ರಾಸ್ ಎಂಬ ಊರಿನಲ್ಲಿ, 1940ರ ದಶಕದಲ್ಲಿ, ಆಚೆ ದಡದಿಂದ ಬಂದ ಅಮೆರಿಕನ್ ಹೆಂಗಸರಿಗಾಗಿ ಅಂತಾರೆ. ತಪ್ಪೇನಿಲ್ಲ ಬಿಡಿ, ರುಚಿಯಾಗೇ ಇದೆ. ಆದರೆ ಅದನ್ನೇ ಊಟ ಅಂದುಕೊಂಡರೆ ಕಷ್ಟ.

ಆ ಚಿಪ್ಸ್ ಬುಟ್ಟಿಯಿಂದ ಎಂಟು-ಹತ್ತು ತಟ್ಟೆಗೆ ಎತ್ತಿಕೊಂಡು, ಬುಟ್ಟಿಯನ್ನು ಅಳಿಯನ ಕಡೆ ತಳ್ಳಿಬಿಡಿ. ಸಾಲ್ಸಾ ಎಷ್ಟಾದರೂ ತಿನ್ನಿ. ಟೊಮೆಟೊ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ನಿಂಬೆಹುಳಿ, ಒಂಥರಾ ನಮ್ಮ ಕೋಸಂಬರಿಯ ತಂಗಿ. ರಕ್ತದೊತ್ತಡ ಇದ್ದವರು ಮಾತ್ರ ಉಪ್ಪಿನ ಕಡೆ ಗಮನ ಇಡಿ.

ಬುರಿಟೋ ಬೇಕೆನಿಸಿದರೆ ಒಂದು ಲೆಕ್ಕ ಕೇಳಿ. ಅಂಗೈಯಗಲದ ಜೋಳದ ಟೋರ್ಟಿಯಾ ಒಂದಕ್ಕೆ ಸುಮಾರು 50-60 ಕ್ಯಾಲೊರಿ. ಬುರಿಟೋ ಸುತ್ತುವ ದೊಡ್ಡ ಮೈದಾ ಹಾಳೆ ಒಂದಕ್ಕೇ ಹತ್ತಿರ ಹತ್ತಿರ 300, ಹೂರಣ ಬೇರೆ! ಹಾಗಾಗಿ ಜೋಳದ ಮೆತ್ತನೆಯ ಟಾಕೋ ಎರಡು ಕೇಳಿ. ಇಲ್ಲವೇ ಹಾಳೆ ಬಿಟ್ಟು ಬರೀ ಹೂರಣವನ್ನು ಬಟ್ಟಲಲ್ಲಿ ತರಿಸಿ. ಅನ್ನ, ಬೀನ್ಸ್ ಎರಡರಲ್ಲಿ ಒಂದೇ ಅಂದರೆ ಕಣ್ಣು ಮುಚ್ಚಿ ಬೀನ್ಸ್ ಅನ್ನಿ. ಅದರಲ್ಲಿರುವ ನಾರು ಸಕ್ಕರೆ ಒಮ್ಮೆಲೇ ಏರದಂತೆ ತಡೆಯುತ್ತದೆ. ಟಾಕೋ ಸಲಾಡ್ ಹೆಸರಿಗೆ ಮೋಸ ಹೋಗಬೇಡಿ. ಸೊಪ್ಪು ತುಂಬಿರುವ ಆ ಬಟ್ಟಲೇ ಕರಿದ ರೊಟ್ಟಿ! ಗ್ವಾಕಮೋಲೆ ನಮ್ಮ ಬೆಣ್ಣೆಹಣ್ಣಿನದು. ಒಳ್ಳೆಯ ಕೊಬ್ಬೇ, ಆದರೂ ಕೊಬ್ಬೇ. ಮೂರ್ನಾಲ್ಕು ಚಮಚ ಸಾಕು.

ಸಸ್ಯಾಹಾರಿಗಳು ಇನ್ನೊಂದು ಮಾತು ಕೇಳಲೇಬೇಕು. ರಿಫ್ರೈಡ್ ಬೀನ್ಸನ್ನು ಹಳೇ ಪದ್ಧತಿಯಲ್ಲಿ ಹಂದಿಯ ಕೊಬ್ಬಿನಲ್ಲಿ ಹುರಿಯುತ್ತಾರೆ. ಕೆಂಪನ್ನವನ್ನು ಕೋಳಿ ಬೇಯಿಸಿದ ನೀರಿನಲ್ಲಿ ಮಾಡುವುದುಂಟು. ಮೈದಾ ಟೋರ್ಟಿಯಾಕ್ಕೂ ಕೆಲವೆಡೆ ಅದೇ ಕೊಬ್ಬು. ಸಂಕೋಚ ಬೇಡ, ಕೇಳಿ. ಇಡಿಯಾಗಿ ಬೇಯಿಸಿದ ಕಪ್ಪು ಬೀನ್ಸ್ ಇದ್ದರೆ ವಾಸಿ, ಅದಕ್ಕೇನು ಹಾಕಿದ್ದಾರೆ ಅಂತಲೂ ವಿಚಾರಿಸಿಕೊಳ್ಳಿ.

ಕುಡಿಯೋಕೆ? ಇಲ್ಲೇ ಬಹಳ ಜನ ಎಡವೋದು. ಅಕ್ಕಿಯಿಂದ ಮಾಡುವ ಒರ್ಚಾಟ ಬೆಳ್ಳಗೆ ಮಜ್ಜಿಗೆಯಂತೆ ಕಂಡರೂ ಅದರಲ್ಲಿ ಸಕ್ಕರೆ ಧಾರಾಳ. ಇನ್ನು ಸೋಡಾಗಳಂತೂ ಕೇಳೋದೇ ಬೇಡ. 2016ರಲ್ಲಿ ಮೆಕ್ಸಿಕೊ ಸರ್ಕಾರ ಮಧುಮೇಹ, ಬೊಜ್ಜಿನ ಸಲುವಾಗಿ ಆರೋಗ್ಯ ತುರ್ತುಸ್ಥಿತಿಯನ್ನೇ ಘೋಷಿಸಿತ್ತು. ಅದಕ್ಕೂ ಮೊದಲು, 2014ರಲ್ಲಿ, ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತ್ತು. ಬೀನ್ಸಿಗಲ್ಲ, ಜೋಳಕ್ಕಲ್ಲ, ಸಕ್ಕರೆ ಹಾಕಿದ ಪಾನೀಯಗಳಿಗೆ! ನೀವು ನೀರಿಗೆ ನಿಂಬೆಹಣ್ಣು ಹಿಂಡಿಸಿಕೊಂಡು ಕುಡಿಯಿರಿ.

ಮನೆಯಲ್ಲೇ ಮಾಡ್ತೀರಾದರೆ ರಾಜ್ಮಾವನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಅರೆಬೆಂದರೆ ಹೊಟ್ಟೆ ಕೆಟ್ಟು ವಾಂತಿಯಾಗುತ್ತೆ, ಹುಷಾರು. ಡಬ್ಬಿಯ ಕಾಳಾದರೆ ನೀರಲ್ಲಿ ಜಾಲಿಸಿ, ಉಪ್ಪು ಇಳಿಯುತ್ತದೆ. ಒಂದು ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ, ಜೀರಿಗೆ ಹುರಿದು, ಕಾಳು ಹಾಕಿ ಸೌಟಿನಲ್ಲೇ ಹಿಚುಕಿ. ಸವರ್ ಕ್ರೀಮ್ ಬದಲು ಬಟ್ಟೆಯಲ್ಲಿ ಕಟ್ಟಿಟ್ಟ ಗಟ್ಟಿ ಮೊಸರು. ನಮ್ಮಂಗಡಿಯ ಮೆಕ್ಕೆಜೋಳದ ಹಿಟ್ಟಿಗೆ ಸುಣ್ಣದ ಸಂಸ್ಕಾರ ಇರೋದಿಲ್ಲ, ಹಾಗಾಗಿ ಟೋರ್ಟಿಯಾ ಸೀಳುತ್ತದೆ. ಒದ್ದಾಡಬೇಡಿ, ಮೆತ್ತನೆಯ ಜೋಳದ ರೊಟ್ಟಿಯಲ್ಲೇ ಸುತ್ತಿ.

ಅಂದಹಾಗೆ, ಅಲ್ಲಿನ ಹೋಟೆಲಿನ ತಟ್ಟೆ ಇಬ್ಬರಿಗಾಗುವಷ್ಟು ದೊಡ್ಡದು. ತಿನ್ನೋಕೆ ಶುರು ಮಾಡುವ ಮೊದಲೇ ಡಬ್ಬಿ ಕೇಳಿ ಅರ್ಧ ಎತ್ತಿಟ್ಟುಬಿಡಿ. ಮನೆಗೆ ಹೋದ ಕೂಡಲೇ ಫ್ರಿಜ್ಜಿಗೆ ಸೇರಿಸಿದರೆ ಭಾನುವಾರ ಮಧ್ಯಾಹ್ನಕ್ಕೆ ಮಗಳಿಗೆ ಒಲೆ ಹಚ್ಚುವ ಕೆಲಸವಿಲ್ಲ.