ಹದಿನಾಲ್ಕನೆಯ ಜಾಗದ ಫಾಸ್ಫೇಟ್

ವಿಜಯನಗರ ಮೆಟ್ರೊ ನಿಲ್ದಾಣದ ಮೆಟ್ಟಿಲನ್ನು ದಡದಡನೆ ಹತ್ತುವವರ ಕಾಲಿನ ಸ್ನಾಯುವಿಗೆ ಆ ಕ್ಷಣಕ್ಕೇ ಸಕ್ಕರೆ ಬೇಕು. ಸ್ನಾಯುವಿನಲ್ಲಿ ಅದು ಗ್ಲೈಕೋಜನ್ ಆಗಿ ಕೂಡಿಟ್ಟಿರುತ್ತದೆ. ಅದನ್ನು ಒಡೆಯಬಲ್ಲ ಫಾಸ್ಫೊರಿಲೇಸ್ ಎಂಬ ಪ್ರೋಟೀನೂ ಪಕ್ಕದಲ್ಲೇ ಇದೆ. ಆದರೆ ಬಿಡುವಿನ ಹೊತ್ತಿನಲ್ಲಿ ಅದರ ಬಹುಪಾಲು ಕೆಲಸವಿಲ್ಲದೆ ಕೂತಿರುತ್ತದೆ. ಅದನ್ನು ಎಬ್ಬಿಸುವುದು ಒಂದು ಫಾಸ್ಫೇಟ್ ಎಂದು 1955ರಲ್ಲಿ ಸಿಯಾಟಲ್‌ನ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಕಂಡುಕೊಂಡರು. ನೊಬೆಲ್ ಬಂದದ್ದು 1992ರಲ್ಲಿ. ಅಷ್ಟು ತಡವಾದರೂ ಬಂತಲ್ಲ!

ಫಾಸ್ಫೊರಿಲೇಸ್‌ನ ಒಂದೊಂದು ಸರಪಳಿಯಲ್ಲೂ 842 ಅಮೈನೊ ಆಮ್ಲಗಳಿವೆ. ಎರಡು ಸರಪಳಿಗಳು ಜೋಡಿಯಾಗಿರುತ್ತವೆ. ಕೈನೇಸ್ ಎಂಬ ಕಿಣ್ವ ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟ್ ಕಿತ್ತು 14ನೆಯ ಜಾಗದ ಸೆರೀನ್‌ಗೆ ಅಂಟಿಸುತ್ತದೆ. ತೂಕ ನೋಡಿದರೆ ಸರಪಳಿಯ ಸಾವಿರದಲ್ಲೊಂದು ಪಾಲೂ ಇಲ್ಲ. ಆದರೆ ಅದು ಋಣ ವಿದ್ಯುದಂಶ ಹೊತ್ತು ಬರುತ್ತದೆ. ಅದುವರೆಗೆ ಸಡಿಲವಾಗಿ ಅಲೆದಾಡುತ್ತಿದ್ದ ಸರಪಳಿಯ ತುದಿ, ಧನ ವಿದ್ಯುದಂಶದ ಆರ್ಜಿನೀನ್‌ಗಳತ್ತ ತಿರುಗಿ ಬಿಗಿದುಕೊಳ್ಳುತ್ತದೆ. ಆ ಆರ್ಜಿನೀನ್‌ಗಳಲ್ಲಿ ಒಂದು, ಜೊತೆಗಿರುವ ಇನ್ನೊಂದು ಸರಪಳಿಗೆ ಸೇರಿದ್ದು. ಹೀಗಾಗಿ ಎರಡೂ ಸರಪಳಿಗಳು ಒಂದಕ್ಕೊಂದು ಸುಮಾರು 10 ಡಿಗ್ರಿ ಹೊರಳಿ, ಗ್ಲೈಕೋಜನ್ ಕತ್ತರಿಸುವ ಜಾಗಕ್ಕೆ ದಾರಿ ತೆರೆಯುತ್ತದೆ.

ಇದನ್ನು ಸ್ವಿಚ್ ಎಂದು ಕರೆಯುವುದು ರೂಢಿ. ನನಗದು ಅಷ್ಟು ಒಪ್ಪುವುದಿಲ್ಲ. ಅಡ್ರಿನಲಿನ್ ಏರಿದಾಗ ಗ್ಲೈಕೋಜನ್ ಕಟ್ಟುವ ಸಿಂಥೇಸ್‌ಗೂ ಫಾಸ್ಫೇಟ್ ಅಂಟುತ್ತದೆ, ಆದರೆ ಅದರ ಕೆಲಸ ನಿಲ್ಲುತ್ತದೆ! ಒಂದೇ ಫಾಸ್ಫೇಟ್, ಒಬ್ಬರನ್ನು ಎಬ್ಬಿಸಿ ಇನ್ನೊಬ್ಬರನ್ನು ಮಲಗಿಸುತ್ತದೆ. ಯಾವ ಪ್ರೋಟೀನಿನ ಯಾವ ಜಾಗದಲ್ಲಿ ಕೂತಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ರೈಲಿನಲ್ಲಿ ಸೀಟು ಸಿಕ್ಕಿ ಉಸಿರು ಹದಕ್ಕೆ ಬಂದಮೇಲೆ, ಫಾಸ್ಫಟೇಸ್ ಎಂಬ ಕಿಣ್ವಗಳು ಎರಡೂ ಪ್ರೋಟೀನುಗಳಿಂದ ಫಾಸ್ಫೇಟನ್ನು ಕಳಚಿಹಾಕುತ್ತವೆ.

ಹೀಗೆ ಫಾಸ್ಫೇಟ್ ಅಂಟಿಸುವ ಕೈನೇಸ್‌ಗಳೇ ಮನುಷ್ಯರಲ್ಲಿ 500ಕ್ಕೂ ಹೆಚ್ಚು. ಅವುಗಳನ್ನು ವಿಂಗಡಿಸುವ ಕೆಲಸ ನಮ್ಮಲ್ಲೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಎನ್. ರಾಮಚಂದ್ರನ್ ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಇದೆ. 2021ರಲ್ಲಿ ತೀರಿಕೊಂಡ ಎನ್. ಶ್ರೀನಿವಾಸನ್ ಅಲ್ಲಿ ನಾನಾ ಜೀವಿಗಳ ಜೀನೋಮ್‌ಗಳನ್ನು ಕಂಪ್ಯೂಟರಿನಲ್ಲಿ ಜಾಲಾಡಿ, ಕೈನೇಸ್‌ಗಳನ್ನು ಹೆಕ್ಕಿ ಕುಟುಂಬಗಳಾಗಿ ವಿಂಗಡಿಸುತ್ತಿದ್ದರು.

ಕೈನೇಸ್‌ನ ಆಕಾರ ತಿಳಿದರೆ ಔಷಧಿಗೂ ದಾರಿಯಾಗುತ್ತದೆ. ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ ಏಬಲ್ ಎಂಬ ಕೈನೇಸ್ ಬಿಡುವಿಲ್ಲದೆ ಫಾಸ್ಫೇಟ್ ಅಂಟಿಸುತ್ತಲೇ ಇರುತ್ತದೆ. 2001ರಲ್ಲಿ ಬಳಕೆಗೆ ಬಂದ ಇಮ್ಯಾಟಿನಿಬ್, ಆ ಕೈನೇಸ್ ಸುಮ್ಮನಿರುವಾಗಿನ ಆಕಾರಕ್ಕೇ ಹೊಂದಿಕೊಂಡು ಅಂಟುತ್ತದೆ. ಕೆಲವು ರೋಗಿಗಳಲ್ಲಿ ಏಬಲ್‌ನ 315ನೆಯ ಅಮೈನೊ ಆಮ್ಲವೊಂದು ಬದಲಾಗಿ, ಮಾತ್ರೆ ನಾಟದೆ ಹೋಗುವುದೂ ಉಂಟು.