ನಿಮಗಿದು ಗೊತ್ತೆ? ಮೈಸೂರಿನ ಸಂಶೋಧನೆ, ಎಲ್ಲರಿಗೂ ತೆರೆದ ಕಪಾಟು

ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಬರೆದ ಸಂಶೋಧನಾ ಲೇಖನಗಳನ್ನು ಮನೆಯಲ್ಲೇ ಕುಳಿತು ಹುಡುಕಬಹುದು. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರ ಲೇಖನಗಳನ್ನೂ ಅಷ್ಟೆ. ಇವನ್ನು ಇಟ್ಟಿರುವ ಎರಡೂ ಡಿಜಿಟಲ್ ಭಂಡಾರಗಳಿಗೆ ಆಧಾರ ‘ಇಪ್ರಿಂಟ್ಸ್’ ಎಂಬ ಮುಕ್ತ ತಂತ್ರಾಂಶ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ 2000ರಲ್ಲಿ ರೂಪುಗೊಂಡ ಇದಕ್ಕೆ ಪರವಾನಗಿ ಶುಲ್ಕವಿಲ್ಲ, ಬೇಕಾದಂತೆ ತಿದ್ದಿಕೊಳ್ಳಲೂಬಹುದು. ಪಿಎಚ್‌ಡಿ ಪ್ರಬಂಧಗಳಿಗಾಗಿ ಮೈಸೂರು ವಿವಿಯಲ್ಲಿ ‘ವಿದ್ಯಾನಿಧಿ’ ಯೋಜನೆ ಶುರುವಾದದ್ದೂ ಅದೇ ವರ್ಷ!

ಇಪ್ರಿಂಟ್ಸ್‌ಗೆ ಆಮೇಲೆ ಸೇರಿದ ಸೌಲಭ್ಯಗಳಲ್ಲಿ ನಿಜಕ್ಕೂ ಮೆಚ್ಚಬೇಕಾದದ್ದು ‘ಪ್ರತಿ ಕೇಳುವ’ ಗುಂಡಿ. ಪ್ರಕಾಶಕರ ನಿರ್ಬಂಧದಿಂದಾಗಿ ಲೇಖನದ ಪೂರ್ಣಪಾಠ ತೆರೆಯದಿದ್ದರೆ ಈ ಗುಂಡಿಯನ್ನು ಒತ್ತಿ ಇಮೇಲ್ ವಿಳಾಸ ಕೊಟ್ಟರಾಯಿತು. ಕೋರಿಕೆ ಲೇಖಕರಿಗೆ ಅಥವಾ ಭಂಡಾರದವರಿಗೆ ತಲುಪುತ್ತದೆ, ಒಪ್ಪಿದರೆ ಪ್ರತಿ ಬರುತ್ತದೆ. ದುಬಾರಿ ಚಂದಾ ಕಟ್ಟಲಾಗದ ಸಣ್ಣ ಊರಿನ ಕಾಲೇಜು ವಿದ್ಯಾರ್ಥಿಗೆ ಇದೆಂಥ ದೊಡ್ಡ ಉಪಕಾರ!

ಇಂಥದ್ದೇ ಇನ್ನೊಂದು ತಂತ್ರಾಂಶ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಕಂಪನಿ ಸೇರಿ 2002ರಲ್ಲಿ ಹೊರತಂದ ‘ಡಿಸ್ಪೇಸ್’. 2021ರಲ್ಲಿ ಬಂದ ಅದರ 7ನೇ ಆವೃತ್ತಿಯಲ್ಲಿ ಪರದೆಯ ವಿನ್ಯಾಸವನ್ನೇ ಹೊಸದಾಗಿ ಬರೆಯಲಾಯಿತು. ಅದರಲ್ಲಿ ಲೇಖಕರು, ಯೋಜನೆ, ಪತ್ರಿಕೆ ಎಲ್ಲಕ್ಕೂ ಪ್ರತ್ಯೇಕ ಪುಟ ಮಾಡಿ, ಒಂದಕ್ಕೊಂದು ಕೊಂಡಿ ಹಾಕಬಹುದು. ಯುನಿಕೋಡ್‌ನಲ್ಲಿ ದಾಖಲಿಸಿದ ಕನ್ನಡ ಶೀರ್ಷಿಕೆಯನ್ನು ಕನ್ನಡದಲ್ಲೇ ಟೈಪ್ ಮಾಡಿ ಹುಡುಕಬಹುದು.