ಮಿಕ್ಸರ್ ಕೊಳ್ಳೋ ಮುಂಚೆ ಮಣಿಕಟ್ಟನ್ನ ಕೇಳಿ!

ಹಾಸನ: ಶನಿವಾರ ಬಂತೆಂದರೆ ಆಕೆಗೆ ಹೆದರಿಕೆ.

ಸಾಲಗಾಮೆ ರಸ್ತೆ ಕಡೆಯ ಬಡಾವಣೆಯೊಂದರಲ್ಲಿ ಮನೆಯಲ್ಲೇ ಬನ್ನು, ಬ್ರೆಡ್ಡು, ಬೆಣ್ಣೆ ಬಿಸ್ಕತ್ತು, ಹುಟ್ಟುಹಬ್ಬದ ಕೇಕು ಮಾಡಿಕೊಡುವ ಈ ಗೃಹಿಣಿಗೆ ವಯಸ್ಸು ಐವತ್ತು ದಾಟಿದೆ. ಶನಿವಾರ ಒಂದೇ ದಿನ ಎರಡು ಕೆಜಿ ಮೈದಾ ನಾದಬೇಕು. ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನಲ್ಲಿ ನೋವು. ಬೆಳಗ್ಗೆ ಎದ್ದು ಹತ್ತು ನಿಮಿಷ ಬೆರಳು ಮಡಚೋದಕ್ಕೇ ಆಗೋದಿಲ್ಲ. ಉಪ್ಪಿನಕಾಯಿ ಜಾಡಿ ಮುಚ್ಚಳ ತಿರುಗಿಸಬೇಕಾದರೆ ಮಗಳನ್ನ ಕೂಗಬೇಕು.

ಡಾಕ್ಟರು ಎಕ್ಸ್‌ರೇ ನೋಡಿ, "ಕೀಲು ಸವೆದಿದೆಯಮ್ಮ, ಕೈಗೆ ಸ್ವಲ್ಪ ರೆಸ್ಟು ಕೊಡಿ" ಅಂದರು.

"ಕೈಗೆ ರೆಸ್ಟು ಕೊಟ್ರೆ ಹೊಟ್ಟೆಗೇನು ಕೊಡೋದು ಸಾರ್?" ಅಂದಳಂತೆ ಈಕೆ.

ಮಾತು ತಮಾಷೆಯದಲ್ಲ. ಮಗಳ ಕಾಲೇಜು ಫೀಸು, ಹಾಲಿನವನ ಬಾಕಿ ಎಲ್ಲವೂ ಈ ಬನ್ನಿನ ದುಡ್ಡಿನಲ್ಲೇ ತೀರಬೇಕು. ಅದೃಷ್ಟಕ್ಕೆ ಹದಿನೈದು ಸಾವಿರದ ಚೀಟಿ ಆಕೆಯ ಹೆಸರಿಗೆ ಎದ್ದಿತು. ಮಿಷನ್ನು ತಗೊಳ್ಳೋದು ಅಂತ ತೀರ್ಮಾನವಾಯಿತು. ಆದರೆ ಯಾವ ಮಿಷನ್ನು? ತಪ್ಪಾದದ್ದು ಬಂದರೆ ಚೀಟಿಯೂ ಹೋಯಿತು, ಕೈಯೂ ಹೋಯಿತು.

ಬೇಕರಿ ಊರಿನ ಕಷ್ಟ

ಹಾಸನದವರಿಗೆ ಬೇಕರಿ ಹೊಸತೇನಲ್ಲ. ನಾಡಿನುದ್ದಕ್ಕೂ ಬೋರ್ಡು ಹಾಕಿಕೊಂಡಿರುವ ಅಯ್ಯಂಗಾರ್ ಬೇಕರಿಗಳ ಬೇರು ಇದೇ ಜಿಲ್ಲೆಯದು. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದವರು ಹಾಸನ ಕಡೆಯ ತಿರುಮಲಾಚಾರ್ ಸಹೋದರರು. ದೊಡ್ಡ ಬೇಕರಿಗಳಲ್ಲಿ ಹಿಟ್ಟು ಕಲಸಲು ದೊಡ್ಡ ಮಿಷನ್ನು ಉಂಟು, ಆಳುಗಳುಂಟು. ಮನೆಯಲ್ಲಿ ಮಾಡುವ ಹೆಂಗಸಿಗೆ ಇರುವುದು ಎರಡೇ ಕೈ.

ಈ ಕಷ್ಟ ಬೇರೆ ದೇಶದವರೂ ಕಂಡದ್ದೇ. ಅಮೆರಿಕದ ಓಹಾಯೊ ಪ್ರಾಂತ್ಯದಲ್ಲಿ ಹೊಬಾರ್ಟ್ ಕಂಪನಿಯ ಇಂಜಿನಿಯರ್ ಹರ್ಬರ್ಟ್ ಜಾನ್‌ಸ್ಟನ್ ಎಂಬಾತ 1908ರಲ್ಲಿ ಬೇಕರಿಯವನೊಬ್ಬ ಕಬ್ಬಿಣದ ಸೌಟಿನಲ್ಲಿ ಬ್ರೆಡ್ಡಿನ ಹಿಟ್ಟು ತಿರುವುತ್ತಾ ಒದ್ದಾಡುವುದನ್ನು ಕಂಡ. ಅಲ್ಲಿಂದ ಹುಟ್ಟಿದ್ದು ಹಿಟ್ಟು ಕಲಸುವ ಯಂತ್ರ. ಮನೆ ಬಳಕೆಗೆ ಅದು ಬಂದದ್ದು 1919ರಲ್ಲಿ. ಆಗ ಅದರ ತೂಕ ಸುಮಾರು 29 ಕೆಜಿ! ಇಂದಿನವು ಅಷ್ಟು ಭಾರವಿಲ್ಲ. ಆದರೂ ಕೀಲು ನೋವಿನವರಿಗೆ ತೂಕದ ಲೆಕ್ಕವೇ ಮೊದಲ ಲೆಕ್ಕ.

ಎರಡು ಪೆಟ್ಟು

ಈಕೆ ಮೊದಲ ಪೆಟ್ಟು ತಿಂದದ್ದು ಹೋದ ವರ್ಷ. ಕಡಿಮೆ ದುಡ್ಡಲ್ಲಿ ಮುಗಿಯುತ್ತದೆ ಅಂತ ಎರಡು ಸಾವಿರ ಕೊಟ್ಟು ಕೈಯಲ್ಲಿ ಹಿಡಿಯುವ ಬೀಟರ್ ತಂದಳು. ಅದರ ತೂಕ ಒಂದು ಕೆಜಿ. ಒಂದು ಕೆಜಿ ಏನು ಮಹಾ ಅನ್ನಬಹುದು. ಆದರೆ ಬೆಣ್ಣೆ ಸಕ್ಕರೆ ನೊರೆಯಾಗುವವರೆಗೆ ಹತ್ತು ನಿಮಿಷ ಅದನ್ನ ಗಾಳಿಯಲ್ಲಿ ಹಿಡಿದು ನಿಲ್ಲಬೇಕು. ಬಿಗಿಹಿಡಿತ ಒಂದು ಕಡೆ, ಗಡಗಡ ಅದುರೋದು ಇನ್ನೊಂದು ಕಡೆ. ಎರಡೂ ಹೆಬ್ಬೆರಳ ಬುಡಕ್ಕೇ ಬೀಳುವ ಏಟು. ರಾತ್ರಿ ಕೈ ಊದಿಕೊಂಡಿತು. ಮೇಲಾಗಿ ಅದರ ಮೋಟಾರು ಬನ್ನಿನ ಹಿಟ್ಟಿಗೆ ತಕ್ಕದ್ದೂ ಅಲ್ಲ. ಮೊಟ್ಟೆ, ಕ್ರೀಮು, ಕೇಕಿನ ತೆಳು ಹಿಟ್ಟಿಗೆ ಸರಿ, ಅಷ್ಟೇ.

ಎರಡನೆಯ ಪೆಟ್ಟು ಪಕ್ಕದ ಮನೆಯವರ ಉಪಕಾರದಿಂದ. ಅವರ ಮಗ ಅಮೆರಿಕದಿಂದ ಹೊತ್ತು ತಂದ ಮಿಕ್ಸರ್ ಅಟ್ಟದ ಮೇಲೆ ಸುಮ್ಮನೆ ಕೂತಿತ್ತು. "ತಗೊಂಡು ಹೋಗಮ್ಮ, ನಮಗೇನು ಉಪಯೋಗ" ಅಂದರು. ತಂದು ಪ್ಲಗ್ಗಿಗೆ ಹಾಕಿದ ಕೂಡಲೇ ಹೊಗೆ. ಅಲ್ಲಿನ ಕರೆಂಟು 120 ವೋಲ್ಟು, ಇಲ್ಲಿನದು 230 ವೋಲ್ಟು. ತಕ್ಕ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಲ್ಲಿನ ಮೋಟಾರಿಗೆ ಇಲ್ಲಿನ ಕರೆಂಟು ಕೊಟ್ಟರೆ ಸುಡದೆ ಇನ್ನೇನಾಗುತ್ತದೆ? ಹಿಂಭಾಗದ ಚೀಟಿಯಲ್ಲಿ ವೋಲ್ಟು ಬರೆದೇ ಇರುತ್ತದೆ. ಓದುವವರು ಬೇಕು.

ಡಬ್ಬ ಬಿಚ್ಚದ ಅಂಗಡಿ

ಮೂರನೆಯ ಸಲ ಆಕೆ ಹುಷಾರಾದಳು. ಮೊದಲ ಅಂಗಡಿಯಲ್ಲಿ ಮಿಕ್ಸರ್ ಡಬ್ಬದೊಳಗೇ ಇತ್ತು.

"ಸ್ವಲ್ಪ ತೆಗೆದು ತೋರಿಸ್ತೀರಾ ಅಣ್ಣ?"

"ಸೀಲ್ ಒಡೆದ್ರೆ ಯಾರೂ ತಗೊಳಲ್ಲಮ್ಮ. ಸಾವಿರದಿನ್ನೂರು ವಾಟ್ ಐತೆ, ಇನ್ನೇನು ಬೇಕು?"

ವಾಟು ನೋಡಿ ಮಿಕ್ಸರ್ ಕೊಳ್ಳುವುದು, ಹೊಟ್ಟೆ ನೋಡಿ ಪೈಲ್ವಾನನ್ನ ಆರಿಸಿದ ಹಾಗೆ. ವಾಟು ಎಂದರೆ ಮಿಷನ್ನು ತಿನ್ನುವ ಕರೆಂಟಿನ ಲೆಕ್ಕ, ದುಡಿಯುವ ಲೆಕ್ಕವಲ್ಲ. ಗೇರು ಚೆನ್ನಾಗಿದ್ದರೆ ಮುನ್ನೂರು ವಾಟಿನದೂ ಹಿಟ್ಟು ನಾದುತ್ತದೆ. ಪ್ಲಾಸ್ಟಿಕ್ ಗೇರಿನ ಸಾವಿರದ್ದು ಏದುಸಿರು ಬಿಡಬಹುದು. ಕೇಳಬೇಕಾದ ಪ್ರಶ್ನೆ ಬೇರೆ: ಒಂದು ಸಲಕ್ಕೆ ಎಷ್ಟು ಗ್ರಾಂ ಮೈದಾದ ಗಟ್ಟಿ ಹಿಟ್ಟು ನಾದಬಹುದು, ಎಷ್ಟು ನಿಮಿಷಕ್ಕೊಮ್ಮೆ ನಿಲ್ಲಿಸಬೇಕು? ಮಿಷನ್ನಿನ ಜೊತೆ ಬರುವ ಪುಸ್ತಕದಲ್ಲಿ ನೋಡಬೇಕಾದದ್ದು ಇದನ್ನೇ.

ಎರಡನೆಯ ಅಂಗಡಿಯ ಮಾಲೀಕರು ಹಳೆಯ ಕಾಲದವರು. "ಕೂತ್ಕೊಳಮ್ಮ" ಅಂತ ಸ್ಟೂಲು ಹಾಕಿ, ಮೂರು ಮಾಲು ಬಿಚ್ಚಿ ಗಲ್ಲಾದ ಮೇಲೆ ಇಟ್ಟರು. ಆಕೆ ಒಂದೊಂದನ್ನೂ ತನ್ನ ನೋಯುವ ಕೈಯಿಂದಲೇ ಮುಟ್ಟಿ ನೋಡಿದಳು. ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲಿ ತಿಳಿದದ್ದು ಇಷ್ಟು.

ಒಂದು, ಬಟ್ಟಲು. ಕೆಲವದರ ಬಟ್ಟಲನ್ನು ತಳದಲ್ಲಿ ತಿರುಚಿ ಕೂರಿಸಬೇಕು. ಹಿಟ್ಟು ನಾದಿದ ಮೇಲೆ ಅದು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಬಿಚ್ಚಲು ಮಣಿಕಟ್ಟು ತಿರುಗಬೇಕು. ಬಟ್ಟಲಿಗೆ ದೊಡ್ಡ ಹಿಡಿ ಇದ್ದರೆ ಮುಂಗೈಯಿಂದಲೇ ತಳ್ಳಿ ಬಿಡಿಸಬಹುದು.

ಎರಡು, ತಲೆ. ಮಿಷನ್ನಿನ ತಲೆ ಎತ್ತಿದರೆ ತಾನೇ ಬಟ್ಟಲು ಹೊರಗೆ ಬರೋದು? ಮೋಟಾರು ಆ ತಲೆಯಲ್ಲೇ ಇರುವುದರಿಂದ ಭಾರ. ಒಂದರಲ್ಲಿ ಗುಂಡಿ ಒತ್ತಿದರೆ ಸ್ಪ್ರಿಂಗು ತಾನೇ ತಲೆ ಎತ್ತಿತು. ಇನ್ನೊಂದರಲ್ಲಿ ಒಂದು ಕೈಯಲ್ಲಿ ಗುಂಡಿ ಹಿಡಿದು ಇನ್ನೊಂದರಲ್ಲಿ ಎತ್ತಬೇಕಿತ್ತು. ಗುಂಡಿಯನ್ನ ಅಂಗೈಯಿಂದ ಒತ್ತಲು ಬರುತ್ತದೋ, ಹೆಬ್ಬೆರಳೇ ಬೇಕೋ ಎಂಬುದು ಕೀಲು ನೋವಿನವರಿಗೆ ದೊಡ್ಡ ವ್ಯತ್ಯಾಸ.

ಮೂರು, ಕೊಕ್ಕೆ. ನಾದುವ ಕೊಕ್ಕೆ ಕೆಲವದರಲ್ಲಿ ಒತ್ತಿ ತಿರುಚಿ ಸಿಕ್ಕಿಸಬೇಕು, ಕೆಲವದರಲ್ಲಿ ಸುಮ್ಮನೆ ಒತ್ತಿದರೆ ಟಕ್ಕೆಂದು ಕೂರುತ್ತದೆ. ಒತ್ತುವುದೇ ಮೇಲು.

ನಾಲ್ಕು, ತೂಕ. ಇಂಥ ಮಿಕ್ಸರುಗಳು ಆರರಿಂದ ಹನ್ನೆರಡು ಕೆಜಿವರೆಗೂ ತೂಗುತ್ತವೆ. ಭಾರ ಇದ್ದರೆ ನಾದುವಾಗ ಅಲುಗಾಡೋದಿಲ್ಲ, ಒಳ್ಳೆಯದೇ. ಆದರೆ ಅದನ್ನ ದಿನಾ ಬೀರುವಿನಿಂದ ಇಳಿಸಿ ಹತ್ತಿಸುವವರಿಗೆ ನೋವು ಎರಡರಷ್ಟು. ಕಟ್ಟೆಯ ಮೇಲೆ ಒಂದೇ ಜಾಗದಲ್ಲಿ ಇಡಲು ಸ್ಥಳವಿದ್ದರೆ ಮಾತ್ರ ಕೊಳ್ಳಬೇಕು. ಮೇಲಿನ ಶೆಲ್ಫಿಗೆ ತಲೆ ತಾಗುತ್ತದೋ ಅಂತ ಮೊದಲೇ ಟೇಪು ಹಿಡಿದು ಅಳೆಯಬೇಕು.

ಆಕೆಗೆ ಗ್ರೈಂಡರ್ ಆಸೆಯೂ ಇತ್ತು. ದೋಸೆ ರುಬ್ಬುವ ಟೇಬಲ್ ಗ್ರೈಂಡರುಗಳಲ್ಲಿ ಕೆಲವಕ್ಕೆ ಹಿಟ್ಟು ನಾದುವ ಬಿಡಿಭಾಗ ಕೊಡುತ್ತಾರೆ. ಚಪಾತಿ ಹಿಟ್ಟಿಗೆ ಅದು ಸಾಕು. ಬಗ್ಗಿಸಿ ಸುರಿಯುವ ಮಾಲಾದರೆ ಪಾತ್ರೆ ಎತ್ತುವ ಗೋಜಿಲ್ಲ. ಆದರೆ ರುಬ್ಬುಗುಂಡು ತೆಗೆದಿಡೋದು ಯಾರು? ಕೇಕಿಗೆ ಬೆಣ್ಣೆ ನೊರೆ ಬರಿಸೋದು ಹೇಗೆ? ಆ ಕೆಲಸ ಅದರಿಂದ ಆಗೋದಿಲ್ಲ. ಕೈಬಿಟ್ಟಳು.

ಕೊನೆಗೆ ಆಕೆ ಮೆಚ್ಚಿದ್ದು ಐದು ಲೀಟರಿನ ಬಟ್ಟಲು, ದೊಡ್ಡ ಹಿಡಿ, ಅಂಗೈಯಲ್ಲಿ ಒತ್ತುವ ಗುಂಡಿ ಇದ್ದ ಮಾಲು. ಹತ್ತು ಸಾವಿರದೊಳಗೆ ಮುಗಿಯಿತು. ಮೂರರಲ್ಲಿ ಅದು ಅತಿ ದುಬಾರಿಯದೂ ಅಲ್ಲ, ಅತಿ ಹೆಚ್ಚು ವಾಟಿನದೂ ಅಲ್ಲ.

ಉಳಿದ ದುಡ್ಡು ಎಲ್ಲಿ ಹೋಯಿತು?

ಚೀಟಿಯಲ್ಲಿ ಉಳಿದದ್ದರಲ್ಲಿ ಮೊದಲು ಬಂದದ್ದು ಎಲೆಕ್ಟ್ರಿಷಿಯನ್. ಲೆಕ್ಕ ಸುಲಭ. 1200 ವಾಟಿನ ಮಿಕ್ಸರು 230 ವೋಲ್ಟಿನಲ್ಲಿ ಸುಮಾರು 5.2 ಆಂಪಿಯರ್ ಎಳೆಯುತ್ತದೆ. 1500 ವಾಟಿನ ಒವನ್ನು ಸುಮಾರು 6.5. ಎರಡನ್ನೂ ಒಂದೇ ಆರು ಆಂಪಿಯರ್ ಬೋರ್ಡಿಗೆ ಸಿಕ್ಕಿಸಿದರೆ ಹನ್ನೊಂದು ದಾಟುತ್ತದೆ. ವೈರು ಕರಗಿ ಮನೆಗೆ ಬೆಂಕಿ ಬೀಳೋದು ಹೀಗೇ. ಒವನ್ನಿಗೆ ಅರ್ತಿಂಗ್ ಸಮೇತ ಹದಿನಾರು ಆಂಪಿಯರಿನ ಬೇರೆ ಪಾಯಿಂಟು ಹಾಕಿಸಿದಳು. ಸ್ವಿಚ್ಚು ಬಗ್ಗದೆ ಕೈಗೆ ಎಟಕುವ ಎತ್ತರದಲ್ಲಿ.

ಕೆಲಸದ ಕ್ರಮವೂ ಬದಲಾಯಿತು. ಎರಡು ಕೆಜಿ ಮೈದಾ ಒಂದೇ ಸಲ ತುರುಕೋದಿಲ್ಲ. ಅರ್ಧ ಕೆಜಿಯಂತೆ ನಾಲ್ಕು ಸಲ, ನಡುವೆ ಮೋಟಾರು ಆರಲು ಬಿಡುವು. ನಾದುವುದು ಕಡಿಮೆ ವೇಗದಲ್ಲೇ. ಮೈದಾಕ್ಕೆ ನೀರು ಬೆರೆಸಿ ಅರ್ಧ ಗಂಟೆ ಮುಚ್ಚಿಡುತ್ತಾಳೆ. ಸುಮ್ಮನೆ ಬಿಟ್ಟರೂ ಹಿಟ್ಟು ತಾನಾಗಿ ಜಿಗುಟು ಕಟ್ಟುತ್ತದೆ, ಆಮೇಲೆ ನಾದುವ ಹೊತ್ತು ಕಡಿಮೆ. ಚಳಿಗಾಲದಲ್ಲಿ ಬೆಣ್ಣೆಯನ್ನ ಹಿಂದಿನ ರಾತ್ರಿಯೇ ಹೊರಗಿಡುತ್ತಾಳೆ. ಕಲ್ಲಿನಂಥ ಬೆಣ್ಣೆ ಮಿಷನ್ನಿಗೂ ಕಷ್ಟ, ಕೈಗೂ ಕಷ್ಟ. ತುಂಬಿದ ಬಟ್ಟಲನ್ನ ಎತ್ತೋದಿಲ್ಲ. ಹಿಟ್ಟನ್ನು ಬಟ್ಟಲಿನಲ್ಲೇ ತುಂಡು ಮಾಡಿ ತೆಗೆಯುತ್ತಾಳೆ. ಎತ್ತಲೇಬೇಕಾದರೆ ಎರಡೂ ಅಂಗೈ ಕೆಳಗೆ ಕೊಟ್ಟು ಮೈಗೆ ಆನಿಸಿಕೊಂಡು.

ನೋವು ಹೋಯಿತೇ? ಇಲ್ಲ. ಮಿಷನ್ನು ಔಷಧಿಯಲ್ಲ. ಕೇಕಿನ ಮೇಲೆ ಕ್ರೀಮು ಹಿಂಡಿ ಹೂವು ಬಿಡಿಸುವ ಕೆಲಸ ಈಗಲೂ ಹೆಬ್ಬೆರಳಿಗೆ ಚುಚ್ಚುತ್ತದೆ. ಅದನ್ನ ಮಗಳು ಕಲಿತಿದ್ದಾಳೆ. ಒಂದು ಮಾತು ಮಾತ್ರ ಎಲ್ಲರೂ ನೆನಪಿಡಬೇಕು. ಬೆಳಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆ ಬಿಡದಿದ್ದರೆ, ಬೆರಳ ಗಿಣ್ಣುಗಳು ಎರಡೂ ಕೈಯಲ್ಲಿ ಊದಿದ್ದರೆ ಅದು ಬರೀ ಸವೆತವಲ್ಲದೆ ಕೀಲಿನ ಉರಿಯೂತ ಇರಬಹುದು. ಗಂಡಸರಿಗಿಂತ ಹೆಂಗಸರಿಗೇ ಅದು ಹೆಚ್ಚು. ಬೇಗ ಚಿಕಿತ್ಸೆ ಸಿಕ್ಕರೆ ಕೀಲು ಹಾಳಾಗುವುದನ್ನು ತಡೆಯಲು ಔಷಧಿಗಳಿವೆ. ಅಂಥವರು ಮಿಕ್ಸರ್ ಅಂಗಡಿಗಿಂತ ಮೊದಲು ಡಾಕ್ಟರ ಹತ್ತಿರ ಹೋಗಬೇಕು.

ವ್ಯಾಪಾರಸ್ಥರಿಗೂ ಒಂದು ಕಿವಿಮಾತು

ಬಿಲ್ಲು, ಸೀಲು ಹಾಕಿದ ವಾರಂಟಿ ಕಾರ್ಡು ಎರಡನ್ನೂ ಆಕೆ ಕೇಳಿ ಪಡೆದಳು. ಕೆಲವು ಕಂಪನಿಗಳ ವಾರಂಟಿ ಮನೆ ಬಳಕೆಗೆ ಮಾತ್ರ, ವ್ಯಾಪಾರಕ್ಕೆ ಇಲ್ಲ. ಆರ್ಡರು ಹಿಡಿದು ಮಾಡುವವರು ಇದನ್ನ ಮೊದಲೇ ಕೇಳಿಕೊಳ್ಳಬೇಕು. ರಿಪೇರಿ ಹಾಸನದಲ್ಲೇ ಆಗುತ್ತದೋ, ಬೆಂಗಳೂರಿಗೆ ಹೊರಬೇಕೋ ಎಂಬುದನ್ನೂ. ಮಾಲು ಕೆಟ್ಟು ಅಂಗಡಿಯವರು ಕೈ ಎತ್ತಿದರೆ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಐದು ಲಕ್ಷದವರೆಗಿನ ಮಾಲಿನ ದೂರಿಗೆ ಅಲ್ಲಿ ಶುಲ್ಕವಿಲ್ಲ.

ಈಚೆಗೆ ಆಕೆ ಹೇಳಿ ಕಳಿಸಿದ ಮೂವರು ಹೆಂಗಸರು ಆ ಎರಡನೆಯ ಅಂಗಡಿಗೇ ಹೋದರು. ಒಬ್ಬರಿಗೆ ಮಂಡಿ ನೋವು, ಇಬ್ಬರಿಗೆ ಕೈ ನೋವು. ಮಾಲೀಕರು ಈಗ ಒಂದು ಮಿಕ್ಸರನ್ನ ಬಿಚ್ಚಿ ಗಲ್ಲಾದ ಮೇಲೇ ಕಾಯಂ ಇಟ್ಟಿದ್ದಾರೆ. ಪಕ್ಕದಲ್ಲಿ ಅದೇ ಸ್ಟೂಲು.

"ಒಂದು ಡಬ್ಬ ಬಿಚ್ಚಿದ್ದಕ್ಕೆ ಮೂರು ಡಬ್ಬ ಹೋಯ್ತು ನೋಡಿ" ಅಂತಾರೆ ಅವರು.

ಸೀಲು ಒಡೆಯಲಾರೆ ಅಂದ ಅಂಗಡಿಯಲ್ಲಿ ಡಬ್ಬದ ಸೀಲು ಇನ್ನೂ ಭದ್ರವಾಗಿದೆ. ಧೂಳು ಮಾತ್ರ ಕೂತಿದೆ.